ಮದ್ದು ಬಿಡುವ ಪಂಪಿನ ಚೌಕಟ್ಟು, ಗೇಟು, ಜಿಐ ಪೈಪಿನ ಚಪ್ಪರ: ಬಾಳಿಕೆ ಬರುವ, ನಾವೇ ಸರಿಪಡಿಸಿಕೊಳ್ಳಬಹುದಾದ ಬಣ್ಣ ಯಾವುದು?

ಪೆರ್ಲದ ತೋಟದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಸಮೀಪದ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ಮದ್ದು) ಬಿಡುವ ಪವರ್ ಸ್ಪ್ರೇಯರಿನ ಕಬ್ಬಿಣದ ಚೌಕಟ್ಟಿಗೆ ಎಂತಹ ಬಣ್ಣ ಬಳಿಯಬೇಕು ಎಂಬುದು ನನ್ನ ಮುಖ್ಯ ಪ್ರಶ್ನೆ. ಈಗ ಅದರ ಮೇಲಿರುವುದು ರೆಡ್ ಆಕ್ಸೈಡ್ ಪ್ರೈಮರ್ ಮತ್ತು ಎರಡು ಕೋಟ್ ಸಾಮಾನ್ಯ ಎನಾಮೆಲ್. ಎಂಜಿನ್ ಕುಳಿತಿರುವ ಬದಿಯಲ್ಲಿ ಬಣ್ಣ ಇಂದಿಗೂ ಗಟ್ಟಿಯಾಗಿದೆ. ಪಂಪಿನ ಬದಿಯಲ್ಲಿ, ಮದ್ದು ತೊಟ್ಟಿಕ್ಕುವ ಕಡೆ, ಅದೇ ಬಣ್ಣ ಮೊದಲು ಮೆತ್ತಗಾಗಿ ಆಮೇಲೆ ಉಗುರಿನಿಂದ ಕೆರೆದರೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಅಡಿಯಲ್ಲಿ ತುಕ್ಕು, ತುಕ್ಕಿನ ನಡುವೆ ಅಲ್ಲಲ್ಲಿ ತಾಮ್ರದ ಕೆಂಪು ಹೊಳಪು.

ಇದರ ಜೊತೆಗೆ ರಸ್ತೆ ಬದಿಯ ಗೇಟಿನ ಕೆಳಗಿನ ಪಟ್ಟಿ ಮತ್ತು ವೆಲ್ಡಿಂಗ್ ಮಾಡಿದ ಜಾಗಗಳು ತುಕ್ಕು ಹಿಡಿದಿವೆ. ಅಡಿಕೆ ಒಣಗಿಸುವ ಚಪ್ಪರಕ್ಕೆ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಹಾಕಿಸಿದ್ದೇವೆ. ಅದಕ್ಕೆ ಬಳಿದ ಎನಾಮೆಲ್ ಮಾತ್ರ ದೊಡ್ಡ ದೊಡ್ಡ ಹಾಳೆಗಳಾಗಿ ಕಳಚಿ ಬೀಳುತ್ತಿದೆ.

ತೋಟದ ಸಾಮಾನಿಗೆ ಪೆಟ್ಟು ಬೀಳದೆ ಇರುವುದಿಲ್ಲ, ಕಲ್ಲಿಗೆ ತಾಗದೆ ಇರುವುದಿಲ್ಲ. ಹಾಗಾಗಿ ಎಂದೂ ಕೆಡದ ಬಣ್ಣವನ್ನು ನಾನು ಕೇಳುತ್ತಿಲ್ಲ. ಕೆಟ್ಟ ಜಾಗವನ್ನಷ್ಟೇ ತೀಡಿ, ಬ್ರಷ್ಷಿನಿಂದ ಮನೆಯಲ್ಲೇ ಬಳಿದು, ಮತ್ತೆ ಒಂದು ಮಳೆಗಾಲ ಧೈರ್ಯವಾಗಿ ಬಿಡಬಹುದಾದ ಬಣ್ಣ ಯಾವುದೆಂದು ತಿಳಿದವರು ದಯವಿಟ್ಟು ಹೇಳಬೇಕು.

ಕುಂಬಳೆಯ ವೆಲ್ಡರ್

ಬಣ್ಣದ ಹೆಸರಿಗೆ ಹೋಗುವ ಮೊದಲು ಕಬ್ಬಿಣದ ಮಾತನ್ನು ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಳಿಗೆ ಮರಳಿ ಬರುವ ಗೇಟುಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಬಣ್ಣ ಬಳಿಯುವ ಮೊದಲೇ. ಹೊಸ ಎಂಎಸ್ (ಸಾಮಾನ್ಯ ಮೆದು ಉಕ್ಕು) ಪಟ್ಟಿಯ ಮೇಲೆ ನೀಲಿ-ಕಪ್ಪು ಬಣ್ಣದ ನಯವಾದ ಪೊರೆಯೊಂದು ಇರುತ್ತದೆ. ಅದನ್ನು ಮಿಲ್ ಸ್ಕೇಲ್ ಎನ್ನುತ್ತೇವೆ. ನೋಡಲು ಚೆಂದವಾಗಿರುವುದರಿಂದ ಅದರ ಮೇಲೆಯೇ ಪ್ರೈಮರ್ ಬಳಿಯುತ್ತಾರೆ. ಕೆಲವು ತಿಂಗಳಲ್ಲಿ ಆ ಪೊರೆ ಬಿರಿದು, ಬಣ್ಣವನ್ನೂ ಹೊತ್ತುಕೊಂಡು ಉದುರುತ್ತದೆ. ಮರಳು ಊದಿ ಸ್ವಚ್ಛಗೊಳಿಸುವ ವ್ಯವಸ್ಥೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವಾದರೆ ಗ್ರೈಂಡರಿಗೆ ಫ್ಲಾಪ್ ಡಿಸ್ಕ್ ಹಾಕಿ ಬೆಳ್ಳಿಯ ಹೊಳಪು ಬರುವವರೆಗೆ ತೆಗೆಯಬೇಕು. ಬರಿಯ ತಂತಿ ಬ್ರಷ್ ಆ ಪೊರೆಯನ್ನು ತೆಗೆಯುವುದಿಲ್ಲ, ಇನ್ನಷ್ಟು ಹೊಳೆಯುವಂತೆ ಮಾಡುತ್ತದೆ ಅಷ್ಟೇ.

ಎರಡನೆಯ ಸಂಗತಿ ಮೊನಚು ಅಂಚು. ಒದ್ದೆ ಬಣ್ಣವು ಒಣಗುವಾಗ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ. ಸಮತಟ್ಟಾದ ಜಾಗದಲ್ಲಿ ಸಾಕಷ್ಟು ದಪ್ಪವಿದ್ದರೂ ಅಂಚಿನಲ್ಲಿ ಅದರ ಕಾಲುಭಾಗವೂ ಇರಲಾರದು. ಆಂಗಲ್‌ನ ಅಂಚುಗಳನ್ನು ಸುಮಾರು 2 ಮಿಲಿಮೀಟರಿನಷ್ಟು ಉರುಟಾಗಿ ತೀಡಿ, ಅಂಚು, ವೆಲ್ಡಿಂಗ್ ಗೆರೆ, ಬೋಲ್ಟಿನ ತೂತು ಇಷ್ಟಕ್ಕೆ ಮಾತ್ರ ಮೊದಲೊಂದು ಕೋಟ್ ಬ್ರಷ್ಷಿನಿಂದ ಕೊಟ್ಟು, ಅದರ ಮೇಲೆ ಇಡೀ ಕೋಟ್ ಬಳಿಯಿರಿ. ಈ ಒಂದು ಕೆಲಸದಿಂದ ಸಿಗುವ ಬಾಳಿಕೆಯನ್ನು ದುಬಾರಿ ಬಣ್ಣವೂ ಕೊಡಲಾರದು. ವೆಲ್ಡಿಂಗಿನ ಮೇಲಿನ ಕಿಟ್ಟವನ್ನೂ ಸಿಡಿದು ಅಂಟಿದ ಗುಂಡುಗಳನ್ನೂ ತೆಗೆಯದೆ ಬಣ್ಣ ಮುಟ್ಟಿಸಲೇಬೇಡಿ.

ಕಾಸರಗೋಡು ಪೇಟೆ

ಇಷ್ಟೆಲ್ಲ ಶ್ರಮಪಡುವ ಬದಲು ಪೌಡರ್ ಕೋಟಿಂಗ್ ಮಾಡಿಸಬಹುದಲ್ಲವೇ? ನಮ್ಮ ಕಿಟಕಿಯ ಗ್ರಿಲ್‌ಗಳಿಗೆ ಮಾಡಿಸಿದ್ದೇವೆ, ಇನ್ನೂ ಹೊಸದರಂತಿವೆ.

ಬದಿಯಡ್ಕದ ಬಣ್ಣದಂಗಡಿ

ಕಿಟಕಿಯ ಗ್ರಿಲ್‌ಗೆ ಪೌಡರ್ ಕೋಟಿಂಗ್ ಖಂಡಿತ ಒಳ್ಳೆಯದು. ಆದರೆ ಪ್ರಶ್ನೆ ಕೇಳಿದವರ ಷರತ್ತನ್ನು ಇನ್ನೊಮ್ಮೆ ಓದಿ: ಕೆಟ್ಟ ಜಾಗವನ್ನು ಮನೆಯಲ್ಲೇ ಸರಿಪಡಿಸಬೇಕು. ಪೌಡರನ್ನು ವಿದ್ಯುತ್ ಆವೇಶದಿಂದ ಕಬ್ಬಿಣಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಕರಗಿಸಿ ಗಟ್ಟಿಮಾಡುತ್ತಾರೆ. ಪದರ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ಇರುತ್ತದೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಗಟ್ಟಿಯೇನೋ ಹೌದು, ಆದರೆ ಒಮ್ಮೆ ಚಕ್ಕೆ ಎದ್ದರೆ ನೀರು ಆ ಬಾಯಿಯಿಂದ ಒಳಹೊಕ್ಕು ಪದರದ ಅಡಿಯಲ್ಲೇ ಹರಡುತ್ತದೆ. ಮೇಲೆ ಬಣ್ಣ ಸರಿಯಾಗಿಯೇ ಕಾಣುತ್ತಿರುತ್ತದೆ, ಒಳಗೆ ತುಕ್ಕು ಮುಂದುವರಿಯುತ್ತಿರುತ್ತದೆ. ಅದೇ ಪೌಡರಿನಿಂದ ತೇಪೆ ಹಾಕಲು ಒಲೆ ಬೇಕು, ಒಲೆಗೆ ಹಾಕಲು ಎಂಜಿನ್, ರಬ್ಬರ್ ಬುಷ್, ಬೇರಿಂಗ್ ಎಲ್ಲವನ್ನೂ ಬಿಚ್ಚಬೇಕು. ಕೊನೆಗೆ ಎಲ್ಲರೂ ದ್ರವ ಬಣ್ಣವನ್ನೇ ತೇಪೆಗೆ ಬಳಸುತ್ತಾರೆ. ಹಾಗಾದರೆ ಮೊದಲಿನಿಂದಲೇ ದ್ರವ ಬಣ್ಣವಿರಲಿ ಎಂಬುದು ನನ್ನ ಅಭಿಪ್ರಾಯ.

ಪೌಡರಿನಲ್ಲಿಯೂ ಜಾತಿಗಳಿವೆ. ಎಪಾಕ್ಸಿ ಪೌಡರ್ ಬಿಸಿಲಿಗೆ ಪುಡಿ ಏಳುತ್ತದೆ, ಹೊರಗಡೆಗೆ ಪಾಲಿಯೆಸ್ಟರ್ ಪೌಡರ್ ಬೇಕು. ಮಾಡಿಸುವವರು ಇದನ್ನು ಕೇಳಿಯೇ ಮಾಡಿಸಬೇಕು.

ನೀರ್ಚಾಲಿನ ರಸಾಯನಶಾಸ್ತ್ರ ಅಧ್ಯಾಪಕ

ಪೆರ್ಲದವರು ಗಮನಿಸಿರುವ ವಿವರಗಳು ತುಂಬಾ ಮುಖ್ಯವಾದವು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಅವರ ಚೌಕಟ್ಟಿನಲ್ಲಿ ನಡೆಯುತ್ತಿರುವುದು ಒಂದಲ್ಲ, ಎರಡು ಬೇರೆ ಬೇರೆ ಕೆಲಸಗಳು.

ಸಾಮಾನ್ಯ ಎನಾಮೆಲ್ ಎಂಬುದು ಆಲ್ಕಿಡ್ ಬಣ್ಣ. ಅದರೊಳಗೆ ಎಣ್ಣೆಯ ಅಂಶವಿದೆ, ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಎಣ್ಣೆಗೆ ಕ್ಷಾರ ತಾಗಿದರೆ ಸಾಬೂನಾಗುತ್ತದೆ ಎಂಬುದನ್ನು ನಾವು ಶಾಲೆಯಲ್ಲೇ ಕಲಿಸುತ್ತೇವೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕುತ್ತೇವೆ. ಮೈಲುತುತ್ತನ್ನು ತಟಸ್ಥಗೊಳಿಸಲು ಬೇಕಾಗುವುದಕ್ಕಿಂತ ಹೆಚ್ಚಿನ ಒಳ್ಳೆಯ ಸುಣ್ಣವಿದ್ದರೆ ಉಳಿದ ಸುಣ್ಣವು ದ್ರಾವಣವನ್ನು ಕ್ಷಾರೀಯವಾಗಿಯೇ ಇಡುತ್ತದೆ. ಅದು ಎನಾಮೆಲಿನ ಮೇಲೆ ಮತ್ತೆ ಮತ್ತೆ ಬಿದ್ದು ಒಣಗಿದರೆ ಬಣ್ಣ ಮೆತ್ತಗಾಗಿ ಸುರುಳಿ ಏಳುವುದು ಸಹಜ. ಎಷ್ಟು ಒಳ್ಳೆಯ ಕಂಪೆನಿಯ ಎನಾಮೆಲ್ ಆದರೂ ಈ ಸ್ವಭಾವ ಬದಲಾಗದು. ಎಂಜಿನ್ನಿನ ಬದಿಯಲ್ಲಿ ಅದೇ ಬಣ್ಣ ಉಳಿದಿರುವುದೇ ಇದಕ್ಕೆ ಸಾಕ್ಷಿ.

ಬರಿಯ ಕಬ್ಬಿಣಕ್ಕೆ ಸುಣ್ಣ ಶತ್ರುವಲ್ಲ. ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿಯದೆ ಉಳಿಯುವುದು ಅಲ್ಲಿನ ಕ್ಷಾರದಿಂದಲೇ. ಕಬ್ಬಿಣವನ್ನು ತಿನ್ನುವುದು ತಾಮ್ರ. ನಮ್ಮ ಹಿರಿಯರು ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹರಿತವಾದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು, ಈಗಲೂ ಹಾಗೆ ಮಾಡುವವರಿದ್ದಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಕರಗಿ ಉಳಿದಿರುವ ತಾಮ್ರವು ಕಬ್ಬಿಣದ ಮೇಲೆ ಕುಳಿತು, ಅಷ್ಟೇ ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎಂಬ ನಿಯಮದ ಹಿಂದೆ ಇರುವುದೂ ಇದೇ. ಹಾಗೆ ಕೂತ ತಾಮ್ರದ ಚುಕ್ಕೆಗಳು ಒದ್ದೆಯಾದಾಗಲೆಲ್ಲ ಸುತ್ತಲಿನ ಕಬ್ಬಿಣದೊಡನೆ ಸಣ್ಣ ಬ್ಯಾಟರಿಗಳಾಗಿ ತುಕ್ಕನ್ನು ಚುರುಕುಗೊಳಿಸುತ್ತವೆ. ಆದ್ದರಿಂದ ಕೆಂಪು ಹೊಳಪು ಕಂಡ ಜಾಗವನ್ನು ಪೂರ್ತಿ ತೀಡಿ ತೆಗೆಯದೆ ಮೇಲೆ ಬಣ್ಣ ಬಳಿಯಬಾರದು.

ಜಿಐ ಪೈಪಿನ ಕಥೆಯೂ ಇದರ ನೆಂಟನೇ. ಸತುವಿನ ಮೇಲೆ ತೇವದಿಂದಾಗಿ ಉಂಟಾಗುವ ಕ್ಷಾರೀಯ ಸಂಯುಕ್ತಗಳು ಆಲ್ಕಿಡ್ ಬಣ್ಣದ ಎಣ್ಣೆಯೊಡನೆ ಸೇರಿ, ಬಣ್ಣಕ್ಕೂ ಸತುವಿಗೂ ನಡುವೆ ಸತುವಿನ ಸಾಬೂನಿನ ತೆಳು ಪದರವನ್ನು ಕಟ್ಟುತ್ತವೆ. ಅಲ್ಲಿಗೆ ಹಿಡಿತ ತಪ್ಪಿ ಬಣ್ಣ ಹಾಳೆಯಾಗಿ ಕಳಚುತ್ತದೆ. ಜಿಐ ಮೇಲೆ ಎನಾಮೆಲನ್ನು ನೇರವಾಗಿ ಬಳಿಯಲೇಬಾರದು.

ಇವೆರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಎರಡು ಡಬ್ಬಿಯ ಎಪಾಕ್ಸಿ, ಅಂದರೆ ಬಣ್ಣ ಮತ್ತು ಹಾರ್ಡನರನ್ನು ಕಲಸಿ ಬಳಿಯುವಂಥದ್ದು, ಕ್ಷಾರಕ್ಕೆ ಬಗ್ಗುವುದಿಲ್ಲ, ಸರಿಯಾಗಿ ತೀಡಿ ಒರೆಸಿದ ಸತುವಿನ ಮೇಲೂ ಹಿಡಿಯುತ್ತದೆ.

ಬದಿಯಡ್ಕದ ಬಣ್ಣದಂಗಡಿ

ಮಾಷ್ಟ್ರು ಹೇಳಿದ್ದಕ್ಕೆ ವ್ಯವಹಾರದ ಕೆಲವು ವಿವರಗಳನ್ನು ಸೇರಿಸುತ್ತೇನೆ. ಎಪಾಕ್ಸಿ ಕೇಳುವಾಗ ಜಿಂಕ್ ಫಾಸ್ಫೇಟ್ ಎಪಾಕ್ಸಿ ಪ್ರೈಮರ್ ಎಂದು ಹೆಸರು ಹೇಳಿ ಕೇಳಿ. ಅದು ನೀರನ್ನು ತಡೆಯುವುದರ ಜೊತೆಗೆ ಕಬ್ಬಿಣದ ಮೈಯಲ್ಲೇ ತುಕ್ಕನ್ನು ಹಿಡಿದು ನಿಲ್ಲಿಸುವ ಕೆಲಸವನ್ನೂ ಮಾಡುತ್ತದೆ. ಶೇಕಡಾ 80ಕ್ಕೂ ಹೆಚ್ಚು ಸತುವಿನ ಪುಡಿ ಇರುವ ಜಿಂಕ್ ರಿಚ್ ಪ್ರೈಮರನ್ನು ಕೆಲವರು ಕೇಳಿಕೊಂಡು ಬರುತ್ತಾರೆ. ಅದರ ಗುಣ ದೊಡ್ಡದು, ಆದರೆ ಸತುವಿನ ಕಣಗಳು ಬರಿಯ ಕಬ್ಬಿಣವನ್ನೇ ಮುಟ್ಟಬೇಕು; ಮರಳು ಊದಿ ಸ್ವಚ್ಛ ಮಾಡಿದ ಕಬ್ಬಿಣಕ್ಕೆ ಬಿಟ್ಟು ಬೇರೆ ಕಡೆ ಬಳಿದರೆ ಹಣ ವ್ಯರ್ಥ.

ದಪ್ಪವನ್ನು ಅಳೆಯುವ ಯಂತ್ರ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಲೆಕ್ಕ ಹಾಕಬಹುದು. ಡಬ್ಬಿಯ ಮೇಲೆ ಘನಾಂಶ, ಅಂದರೆ ಒಣಗಿದ ಮೇಲೆ ಉಳಿಯುವ ಭಾಗ, ಗಾತ್ರದಲ್ಲಿ ಶೇಕಡಾ 50 ಎಂದಿದ್ದರೆ, 1 ಲೀಟರನ್ನು 10 ಚದರ ಮೀಟರಿಗೆ ಬಳಿದಾಗ ಒಣಗಿದ ಪದರ 50 ಮೈಕ್ರಾನ್ ಬರುತ್ತದೆ. ಥಿನ್ನರ್ ಸುರಿದು ಅದೇ ಡಬ್ಬಿಯನ್ನು 20 ಚದರ ಮೀಟರಿಗೆ ಎಳೆದವರಿಗೆ 25 ಮೈಕ್ರಾನ್ ಮಾತ್ರ ಸಿಗುತ್ತದೆ. ನಮ್ಮ ಮಳೆಗೆ ಎಲ್ಲ ಕೋಟ್ ಸೇರಿ 150 ಮೈಕ್ರಾನಿಗೆ ಕಡಿಮೆ ಇರಬಾರದು ಎಂದು ನಾನು ಗಿರಾಕಿಗಳಿಗೆ ಹೇಳುತ್ತೇನೆ.

ಎಪಾಕ್ಸಿಗೂ ಒಂದು ಕೊರತೆಯಿದೆ. ನೇರ ಬಿಸಿಲಿಗೆ ಅದರ ಮೈ ಸುಣ್ಣದ ಪುಡಿಯಂತಾಗುತ್ತದೆ. ಕೊಟ್ಟಿಗೆಯಲ್ಲಿಡುವ ಪಂಪಿನ ಚೌಕಟ್ಟಿಗೆ ಇದರಿಂದ ಏನೂ ಬಾಧಕವಿಲ್ಲ, ಎಪಾಕ್ಸಿಯ ಮೇಲೆ ಎಪಾಕ್ಸಿ ಫಿನಿಶ್ ಬಳಿದರೆ ಸಾಕು. ಹೊರಗಿನ ಕೆಲಸಕ್ಕೆ ಮೇಲೆ ಪಿಯು (ಪಾಲಿಯುರೆಥೇನ್) ಕೋಟ್ ಬೇಕಾಗುತ್ತದೆ. ಪಿಯು ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಮನೆಯ ಅಂಗಳದಲ್ಲಿ ಗನ್ನಿನಿಂದ ಸಿಂಪಡಿಸುವುದು ಶ್ವಾಸಕೋಶಕ್ಕೆ ಅಪಾಯಕಾರಿ, ಬಟ್ಟೆಯ ಮಾಸ್ಕ್ ಏನನ್ನೂ ತಡೆಯದು. ಗಾಳಿಯಾಡುವ ಕಡೆ ಕೈಗವಸು ಹಾಕಿ ಬ್ರಷ್ಷಿನಿಂದಲೇ ಬಳಿಯಿರಿ.

ಉಪ್ಪಳದ ಕಡಲ ಬದಿ

ನಮ್ಮ ಮನೆ ಕಡಲಿನಿಂದ ಕೂಗಳತೆಯ ದೂರದಲ್ಲಿದೆ. ಇಲ್ಲಿ ಬಣ್ಣಕ್ಕಿಂತ ಮೊದಲು ಉಪ್ಪನ್ನು ತೊಳೆಯಬೇಕು. ತೀಡಿದ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ಉಪ್ಪು ಉಳಿದರೂ ಅದು ಬಣ್ಣದ ಪದರದ ಮೂಲಕ ನೀರನ್ನು ಎಳೆದುಕೊಂಡು ಅಡಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸಿಹಿ ನೀರು ಧಾರಾಳವಾಗಿ ಸುರಿದು, ಬ್ರಷ್ಷಿನಿಂದ ಉಜ್ಜಿ, ಬೇಗ ಒಣಗಿಸಿ, ಅದೇ ದಿನ ಪ್ರೈಮರ್ ಬಳಿಯಬೇಕು. ತೋಟದವರು ತಮಗೆ ಕಡಲು ದೂರವೆಂದು ಬಿಡಬಾರದು, ಗೊಬ್ಬರವಾಗಿ ಹಾಕುವ ಪೊಟ್ಯಾಶ್ ಕೂಡ ಕ್ಲೋರೈಡೇ. ಗೊಬ್ಬರದ ಚೀಲದ ಪಕ್ಕದಲ್ಲಿ ಪಂಪು ಇಡುವವರು ಇದನ್ನು ನೆನಪಿಡಿ.

ಡಾಂಬರಿನ ಕಪ್ಪು ಬಣ್ಣ ಮಣ್ಣಿನೊಳಗೆ ಹೂಳುವ ಕಂಬಕ್ಕೆ ಒಳ್ಳೆಯದು, ಬಿಸಿಲಿಗೆ ಬಿರಿಯುತ್ತದೆ. ನಮ್ಮ ಗೇಟನ್ನು ಬಿಸಿ ಸತುವಿನ ತೊಟ್ಟಿಯಲ್ಲಿ ಅದ್ದಿಸಿದ ಮೇಲೆಯೇ ನೆಮ್ಮದಿಯಾಯಿತು. ಸತು ಸುಮಾರು 450 ಡಿಗ್ರಿಯಲ್ಲಿ ಕರಗಿರುತ್ತದೆ, ಪೈಪಿನ ಒಳಗೂ ಹೊರಗೂ ಹತ್ತುತ್ತದೆ. ಸಣ್ಣ ಗೀರು ಬಿದ್ದರೆ ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತಮಿಳುನಾಡಿನ ಪಾಂಬನ್‌ನಲ್ಲಿ ಕಡಲಿನ ಮೇಲೆ ಕಟ್ಟಿ 2025ರಲ್ಲಿ ಉದ್ಘಾಟನೆಯಾದ ಹೊಸ ರೈಲು ಸೇತುವೆಗೆ ಪಾಲಿಸಿಲೊಕ್ಸೇನ್ ಎಂಬ ದೀರ್ಘ ಬಾಳಿಕೆಯ ಬಣ್ಣ ಬಳಿದಿದ್ದಾರೆ. ಮತ್ತೆ ಮತ್ತೆ ಬಣ್ಣ ಬಳಿಯಲು ಹೋಗಲಾಗದ ಜಾಗಕ್ಕೆ ಅದು ಯೋಗ್ಯ. ಕೈಗೆಟಕುವ ಗೇಟಿಗೆ ಅಷ್ಟು ಬೇಕಿಲ್ಲ.

ನೀರ್ಚಾಲಿನ ರಸಾಯನಶಾಸ್ತ್ರ ಅಧ್ಯಾಪಕ

ಗೇಟಿಗೆ ಸತು ಅದ್ದಿಸುವುದನ್ನು ನಾನೂ ಒಪ್ಪುತ್ತೇನೆ, ಆದರೆ ಮದ್ದಿನ ಪಂಪಿಗೆ ಅದು ಸಲ್ಲದು. ತಾಮ್ರದ ದ್ರಾವಣ ಸತುವನ್ನು ಕಬ್ಬಿಣಕ್ಕಿಂತಲೂ ಬೇಗ ತಿನ್ನುತ್ತದೆ.

ಪೆರ್ಲದ ತೋಟದಿಂದ

ಇಷ್ಟೊಂದು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಚೌಕಟ್ಟಿನ ಎಂಜಿನ್ ಬದಿಯಲ್ಲಿ ಗಟ್ಟಿಯಾಗಿರುವ ಹಳೆಯ ಎನಾಮೆಲನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲೆ ಎಪಾಕ್ಸಿ ಬಳಿಯಬಹುದೇ? ಗೇಟಿನ ಮೇಲಿರುವುದು ಯಾವ ಬಣ್ಣವೆಂದು ನನಗೆ ತಿಳಿದಿಲ್ಲ, ತಂದೆಯವರ ಕಾಲದ್ದು.

ಬದಿಯಡ್ಕದ ಬಣ್ಣದಂಗಡಿ

ಬಳಿಯಬಾರದು. ಎಪಾಕ್ಸಿಯ ಥಿನ್ನರ್ ಕಟುವಾದದ್ದು, ಹಳೆಯ ಎನಾಮೆಲನ್ನು ಸುಕ್ಕುಗಟ್ಟಿಸಿ ಎಬ್ಬಿಸಿಬಿಡುತ್ತದೆ. ಎಪಾಕ್ಸಿಯ ಮೇಲೆ ಎನಾಮೆಲ್ ಬಳಿಯಬಹುದು, ಎನಾಮೆಲಿನ ಮೇಲೆ ಎಪಾಕ್ಸಿ ಬಳಿಯಲಾಗದು. ಇದೊಂದು ನಿಯಮವನ್ನು ಮರೆಯದಿದ್ದರೆ ಅರ್ಧ ತೊಂದರೆಗಳು ತಪ್ಪುತ್ತವೆ.

ಯಾವ ಬಣ್ಣವೆಂದು ತಿಳಿಯದಿದ್ದರೆ ಎಪಾಕ್ಸಿ ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಮರೆಯಾದ ಜಾಗದಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಜ್ಜಿ. ಬಣ್ಣ ಮೆತ್ತಗಾದರೆ, ಸುಕ್ಕಾದರೆ, ಬಟ್ಟೆಗೆ ಹತ್ತಿದರೆ ಅದು ಒಂದೇ ಡಬ್ಬಿಯ ಬಣ್ಣ. ಏನೂ ಆಗದಿದ್ದರೆ ಎರಡು ಡಬ್ಬಿಯದ್ದು ಅಥವಾ ಒಲೆಯಲ್ಲಿ ಗಟ್ಟಿಯಾದದ್ದು.

ಗೇಟಿಗೆ ಇನ್ನೊಂದು ಎಚ್ಚರಿಕೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ಕೇಂದ್ರದ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಬಣ್ಣಗಳಲ್ಲಿ, ಅದರಲ್ಲಿಯೂ ಹಳದಿ, ಕಿತ್ತಳೆ, ಸಿಂಧೂರದ ಬಣ್ಣದ ಪ್ರೈಮರಿನಲ್ಲಿ, ಸೀಸ ಹೆಚ್ಚಾಗಿ ಇರುವ ಸಂಭವವಿದೆ. ಅಂತಹ ಗೇಟಿಗೆ ಗ್ರೈಂಡರ್ ಹಿಡಿದು ದೂಳೆಬ್ಬಿಸಬೇಡಿ. ನೀರು ಹಾಕಿ ಎಮರಿ ಪೇಪರಿನಿಂದ ತೀಡಿ, ಅಡಿಗೆ ಪ್ಲಾಸ್ಟಿಕ್ ಹಾಸಿ, ಮಕ್ಕಳನ್ನು ದೂರವಿಟ್ಟು, ಆ ಕೆಸರನ್ನು ತೋಟಕ್ಕೂ ಬಾವಿಯ ಬದಿಗೂ ಹೋಗಲು ಬಿಡಬೇಡಿ.

ಮುಳ್ಳೇರಿಯದಿಂದ

ನಮ್ಮ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರದ ದೋಣಿಗೂ ಪಕಾಸಿಗೂ ಬಳಿಯುತ್ತಿದ್ದರು. ಕಬ್ಬಿಣಕ್ಕೆ ಅದು ಆಗುತ್ತದೆಯೇ?

ನೀರ್ಚಾಲಿನ ರಸಾಯನಶಾಸ್ತ್ರ ಅಧ್ಯಾಪಕ

ಹಸಿ ಎಣ್ಣೆಯನ್ನು ನೇರವಾಗಿ ಬಳಿಯುವುದು ಬೇಡ, ಚರ್ಮವನ್ನು ಸುಡುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ಅದೇ ಎಣ್ಣೆಯಿಂದ ಪಡೆಯುವ ಕಾರ್ಡನಾಲ್ ಎಂಬ ಪದಾರ್ಥದಿಂದ ಫೆನಾಲ್ಕಮೈನ್ ಎಂಬ ಎಪಾಕ್ಸಿ ಹಾರ್ಡನರುಗಳನ್ನು ತಯಾರಿಸುತ್ತಾರೆ. ಅವು ತೇವದ ಹವೆಯಲ್ಲಿಯೂ ಚೆನ್ನಾಗಿ ಗಟ್ಟಿಯಾಗುವುದರಿಂದ ಹಡಗುಗಳ ಬಣ್ಣದಲ್ಲಿ ಅವುಗಳ ಬಳಕೆ ಹೆಚ್ಚು. ನಮ್ಮ ಗೇರು ಗುಡ್ಡೆಗಳ ಸಿಪ್ಪೆಗೆ ಇಂತಹ ಉಪಯೋಗವಿದೆ ಎಂಬುದನ್ನು ಮಕ್ಕಳಿಗೆ ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ. ಅಂಗಡಿಯಲ್ಲಿ ಸಿಗುವುದಾದರೆ ನಮ್ಮ ಹವೆಗೆ ಅಂತಹ ಹಾರ್ಡನರಿನ ಎಪಾಕ್ಸಿಯೇ ಮೇಲು.

ಪೆರ್ಲದ ತೋಟದಿಂದ

ಹಾಗಾದರೆ ಹೀಗೆ ನಿಶ್ಚಯಿಸಿದ್ದೇನೆ. ಪಂಪಿನ ಚೌಕಟ್ಟನ್ನು ಪೂರ್ತಿ ತೀಡಿಸಿ ಎರಡು ಕೋಟ್ ಜಿಂಕ್ ಫಾಸ್ಫೇಟ್ ಎಪಾಕ್ಸಿ, ಮೇಲೆ ಒಂದು ಕೋಟ್ ಎಪಾಕ್ಸಿ ಫಿನಿಶ್. ಚಪ್ಪರದ ಜಿಐ ಪೈಪಿನಿಂದ ಎನಾಮೆಲನ್ನು ಕೆರೆದು ತೆಗೆದು ಬೆಸುಗೆಯ ಜಾಗಗಳಿಗೆ ಮಾತ್ರ ಎಪಾಕ್ಸಿ, ಬಿಸಿಲು ತಾಗುವುದರಿಂದ ಅದರ ಮೇಲೆ ಪಿಯು. ಉಳಿದ ಪೈಪನ್ನು ಬಣ್ಣವಿಲ್ಲದೆಯೇ ಬಿಡುವುದು. ಗೇಟು ನಮ್ಮದು ಒಳನಾಡಿನಲ್ಲಿ ಇರುವುದರಿಂದ, ಬರಿಯ ಕಬ್ಬಿಣ ಕಾಣುವ ಕಡೆ ಎನಾಮೆಲಿಗೆ ಹೊಂದುವ ಒಂದೇ ಡಬ್ಬಿಯ ಜಿಂಕ್ ಫಾಸ್ಫೇಟ್ ಪ್ರೈಮರ್ ಕೊಟ್ಟು, ಮೇಲೆ ಎನಾಮೆಲನ್ನೇ ಮುಂದುವರಿಸುವುದು. ವರ್ಷಕ್ಕೊಮ್ಮೆ ಗೀರುಗಳಿಗೆ ತೇಪೆ ಹಾಕಲು ಅದಕ್ಕಿಂತ ಸುಲಭವಾದದ್ದು ಬೇರೆ ಇಲ್ಲವೆಂದು ಕಾಣುತ್ತದೆ. ಇದರಲ್ಲಿ ತಿದ್ದುಪಡಿ ಇದ್ದರೆ ಹೇಳಿ. ಸಣ್ಣ ತೇಪೆಗೆ ಎಪಾಕ್ಸಿಯನ್ನು ಸ್ವಲ್ಪವೇ ಕಲಸುವುದು ಹೇಗೆ ಎಂಬುದೂ ತಿಳಿಯಬೇಕು.

ಬದಿಯಡ್ಕದ ಬಣ್ಣದಂಗಡಿ

ಸರಿಯಾದ ನಿರ್ಧಾರ. ಕಲಸುವ ಪ್ರಮಾಣ ಡಬ್ಬಿಯ ಮೇಲಿರುತ್ತದೆ; ಅದು ಗಾತ್ರದ ಪ್ರಮಾಣವೋ ತೂಕದ್ದೋ ಎಂದು ನೋಡಿಕೊಳ್ಳಿ. ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳಗಳು ಸಣ್ಣ ಅಳತೆಗೆ ತುಂಬಾ ಅನುಕೂಲ. ಬಣ್ಣಕ್ಕೆ ಒಂದು, ಹಾರ್ಡನರಿಗೆ ಇನ್ನೊಂದು ಇರಲಿ, ಅದಲು ಬದಲಾಗಬಾರದು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕಬೇಡಿ. ಕಲಸಿದ್ದು ಗಂಟೆಗಳ ಲೆಕ್ಕದಲ್ಲಿ ಗಟ್ಟಿಯಾಗುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಬಣ್ಣ ಪ್ರೈಮರಿಗೂ ಫಿನಿಶ್‌ಗೂ ಬೇರೆ ಬೇರೆಯಾಗಿರಲಿ, ಸವೆದದ್ದು ತಕ್ಷಣ ಕಾಣುತ್ತದೆ. ಫಿನಿಶ್‌ಗೆ ಭಾರತೀಯ ಮಾನಕದ ಸಂಖ್ಯೆಯಿರುವ ಬಣ್ಣವನ್ನೇ ಆರಿಸಿ, ಉದಾಹರಣೆಗೆ 692ರ ಸ್ಮೋಕ್ ಗ್ರೇ. ನಾಲ್ಕು ವರ್ಷ ಬಿಟ್ಟು ಬೇರೆ ಕಂಪೆನಿಯ ಡಬ್ಬಿ ತಂದರೂ ಹೊಂದುತ್ತದೆ.

ತೇಪೆ ಹಾಕುವಾಗ ಗೀರಿನ ಸುತ್ತ ಎರಡು ಬೆರಳಗಲ ತೀಡಿ, ಹಳೆಯ ಬಣ್ಣದ ಅಂಚು ಕೈಗೆ ತಾಗದಷ್ಟು ಇಳಿಜಾರು ಮಾಡಿ. ಗಟ್ಟಿಯಾದ ಎಪಾಕ್ಸಿಯ ಹೊಳಪು ಪೂರ್ತಿ ಹೋಗಬೇಕು, ಹೊಳಪಿನ ಮೇಲೆ ಹೊಸ ಎಪಾಕ್ಸಿ ಹಿಡಿಯುವುದಿಲ್ಲ.

ಕುಂಬಳೆಯ ವೆಲ್ಡರ್

ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣ ದಿನಗಳು ಒಳ್ಳೆಯವು. ಬೆಳಗ್ಗಿನ ಇಬ್ಬನಿ ಪೂರ್ತಿ ಆರಿ ಕಬ್ಬಿಣ ಕೈಗೆ ಬೆಚ್ಚಗೆ ತಾಗಿದ ಮೇಲೆ ಆರಂಭಿಸಿ ಮಧ್ಯಾಹ್ನ ಮೂರರೊಳಗೆ ಕೊನೆಯ ಬ್ರಷ್ ಎಳೆಯಿರಿ, ಸಂಜೆಯ ತಂಪಿಗೆ ಒದ್ದೆ ಎಪಾಕ್ಸಿಯ ಮೇಲೆ ನೀರು ಕೂತರೆ ಮೈ ಬೆಳ್ಳಗಾಗಿ ಅಂಟಂಟಾಗುತ್ತದೆ. ಗ್ರೀಸು, ಆಯಿಲ್ ಇರುವ ಕಡೆ ಮೊದಲು ಸಾಬೂನಿನ ನೀರಿನಿಂದಲೂ ಥಿನ್ನರಿನಿಂದಲೂ ಒರೆಸಿ, ಆಮೇಲೆ ತೀಡಿ. ತೀಡಿದ ಮೇಲೆ ಒರೆಸುವುದಾದರೆ ಎಣ್ಣೆಯನ್ನು ಗೀರುಗಳ ಒಳಕ್ಕೆ ತುಂಬಿದಂತಾಗುತ್ತದೆ. ಸೀಮೆಎಣ್ಣೆ ಬಳಸಬೇಡಿ, ಜಿಡ್ಡು ಉಳಿಯುತ್ತದೆ. ಕೊನೆಯ ಕೋಟ್ ಆದ ಮೇಲೆ ಒಂದು ವಾರ ಕಳೆಯದೆ ಪಂಪಿಗೆ ಮದ್ದು ಮುಟ್ಟಿಸಬೇಡಿ.

ನಿಮ್ಮ ಗೇಟಿನ ಕೆಳಗಿನ ಪಟ್ಟಿ ಚೌಕ ಪೈಪಿನದ್ದಾಗಿದ್ದರೆ ಅದು ಒಳಗಿನಿಂದ ತುಕ್ಕು ಹಿಡಿಯುತ್ತಿರಬಹುದು, ಹೊರಗೆ ಎಷ್ಟು ಬಳಿದರೂ ನಿಲ್ಲದು. ಬಣ್ಣಕ್ಕೆ ಮೊದಲೇ ಪಟ್ಟಿಯ ಅಡಿಯಲ್ಲಿ ಎರಡೂ ತುದಿಗೆ 8 ಮಿಲಿಮೀಟರಿನ ತೂತು ಕೊರೆದು ನೀರು ಇಳಿಯಲು ದಾರಿ ಮಾಡಿ, ತೂತಿನ ಅಂಚಿಗೂ ಪ್ರೈಮರ್ ಮುಟ್ಟಿಸಿ. ಮೇಲಿನ ತುದಿಗಳು ತೆರೆದಿದ್ದರೆ ಅವನ್ನು ಬೆಸುಗೆಯಿಂದ ಮುಚ್ಚಿಸಿ.

ಪೆರ್ಲದ ತೋಟದಿಂದ

ಚೌಕ ಪೈಪೇ ಹೌದು, ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳುತ್ತದೆ. ನಾಳೆಯೇ ಕೊರೆಸುತ್ತೇನೆ.